ತಲೆಕೆಳಗಾದ ಮಣ್ಣು

"ಮುಟ್ಟಬೇಡಿ. ನಿನ್ನೆ ಮಧ್ಯಾಹ್ನದಿಂದ ತಳ ಕೂರ್ತಾ ಇದೆ."

ಇನ್ಸ್‌ಪೆಕ್ಟರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಮೇಜಿನ ಮೇಲೆ ಮೊಳದುದ್ದದ ಎರಡು ಗಾಜಿನ ಕೊಳವೆಗಳು ನೆಟ್ಟಗೆ ನಿಂತಿದ್ದವು. ಎರಡರಲ್ಲೂ ನೀರು, ನೀರಿನಲ್ಲಿ ಕದಡಿದ ಮಣ್ಣು. ಎಡಗಡೆಯದರಲ್ಲಿ ನೀರು ತಿಳಿಯಾಗಿ, ಬೂದು ಬಣ್ಣದ ನುಣುಪು ಗೋಡುಮಣ್ಣು ತಳದಲ್ಲಿ ಮಲಗಿತ್ತು. ಬಲಗಡೆಯದರಲ್ಲಿ ಹಳದಿ ಮಬ್ಬೊಂದು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ, ಯಾರೋ ಒಳಗೆ ಉಸಿರು ಬಿಟ್ಟು ಮುಚ್ಚಳ ಹಾಕಿದಂತೆ ನಿಂತಿತ್ತು.

ಅವೆರಡರ ನಡುವೆ, ಹಳೆಯ ಪತ್ರಿಕೆಯ ಮೇಲೆ, ಒಂದು ಜೊತೆ ಕಂದು ಬೂಟು.

ಮಣ್ಣಿನ ಮೇಷ್ಟ್ರು ಕಾಣೆಯಾಗಿ ಅಂದಿಗೆ ಹನ್ನೆರಡನೆಯ ದಿನ. ಅವರ ಬೂಟು ಕೆರೆ ಏರಿಯ ಮೇಲೆ ಸಿಕ್ಕಿತ್ತು, ಅವರು ಸಿಕ್ಕಿರಲಿಲ್ಲ. ಈಜುಗಾರರು ನಾಲ್ಕು ದಿನ ಕೆರೆ ಜಾಲಾಡಿ ಬರಿಗೈಯಲ್ಲಿ ಮೇಲೆ ಬಂದಿದ್ದರು.

"ಎಡಗಡೆಯದು ಏರಿ ಮೇಲಿನ ಮಣ್ಣು, ನೀವೇ ತಂದುಕೊಟ್ಟಿದ್ದು," ಎಂದಳು ಮಣ್ಣು ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥೆ. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮಣ್ಣಕ್ಕ. ಇಪ್ಪತ್ತು ವರ್ಷದ ಹಿಂದೆ ಅದೇ ಮೇಷ್ಟ್ರ ಕೈಕೆಳಗೆ ಕಲಿತವಳು. "ಬಲಗಡೆಯದು ಬೂಟಿನ ಅಡಿಯಿಂದ ಕೆರೆದು ತೆಗೆದದ್ದು. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತೆ. ಗೋಡಿಗೆ ಕೆಲವು ಗಂಟೆ ಸಾಕು. ಜೇಡಿ ಮಾತ್ರ ದಿನಗಟ್ಟಲೆ ತೇಲುತ್ತೆ. ಇದು ಜೇಡಿ. ಇಂಥ ಜೇಡಿ ಆ ಏರಿ ಮೇಲೆ ಒಂದು ಚಿಟಿಕೆಯೂ ಇಲ್ಲ."

"ಅಂದ್ರೆ?"

"ಅಂದ್ರೆ ಈ ಬೂಟು ಏರಿ ಮೇಲೆ ನಡೆದಿಲ್ಲ. ಯಾರೋ ಕೈಯಲ್ಲಿ ಹಿಡ್ಕೊಂಡು ಬಂದು ಅಲ್ಲಿ ಇಟ್ಟಿದ್ದಾರೆ."

ಇನ್ಸ್‌ಪೆಕ್ಟರ್ ಎರಡು ಸಲ ಸೀನಿದರು. ಆ ಕಟ್ಟಡದೊಳಗೆ ಕಾಲಿಟ್ಟಾಗಿನಿಂದ ಅವರ ಮೂಗು ಸುಮ್ಮನಿರಲಿಲ್ಲ.

"ಹನ್ನೆರಡು ದಿನ ನಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ ಅನ್ನಿ."

"ನೀರೆರಚಿದ್ದಾರೆ. ಮಣ್ಣು ಮೊದಲಿಂದ ನಿಜಾನೇ ಹೇಳ್ತಿದೆ."

"ಮೇಡಂ, ನನಗೆ ಮಣ್ಣು ಅಂದ್ರೆ ಬಾಗಿಲಲ್ಲೇ ಬಿಟ್ಟು ಬನ್ನಿ ಅಂತ ಮನೆಯವಳು ಬೈಯೋ ವಸ್ತು, ಅಷ್ಟೇ. ಸ್ವಲ್ಪ ಬುಡದಿಂದ ಹೇಳಿ."

ಮಣ್ಣಕ್ಕ ಬೂಟುಗಳನ್ನು ಎತ್ತಿಕೊಂಡು ಹೊರಟಳು. "ಮೇಷ್ಟ್ರು ಮೊದಲ ಕ್ಲಾಸಿನಲ್ಲಿ ಹೇಳ್ತಿದ್ರು, ಮಣ್ಣಿನ ಶಾಸ್ತ್ರಕ್ಕೆ ಎರಡು ಬಾಗಿಲು ಅಂತ. ಒಂದು ಬಾಗಿಲಲ್ಲಿ ನಿಂತು, ಈ ಮಣ್ಣು ಹುಟ್ಟಿದ್ದು ಹೇಗೆ, ಇದರ ತಾಯಿಬಂಡೆ ಯಾವುದು, ವಯಸ್ಸೆಷ್ಟು ಅಂತ ಕೇಳ್ತಾರೆ. ಇನ್ನೊಂದರಲ್ಲಿ ನಿಂತವರು, ಇದರಲ್ಲಿ ಏನು ಬೆಳೆಯುತ್ತೆ, ಗಿಡಕ್ಕೆ ಇದು ಏನು ಕೊಡುತ್ತೆ ಅಂತ ಕೇಳ್ತಾರೆ. ರೈತರಿಗೆಲ್ಲ ಎರಡನೇ ಬಾಗಿಲೇ ಬೇಕು. ನಮ್ಮ ಮೇಷ್ಟ್ರು ಮೊದಲನೇ ಬಾಗಿಲಿನವರು."

"ಒಳಗೆ ಹೋದ ಮೇಲೆ?"

"ಒಳಗೆ ಕೋಣೆಗಳು. ನೀವು ಈಗ ಇದ್ದದ್ದು ಭೌತ ವಿಭಾಗ. ಮಣ್ಣಿನ ಕಣ ಎಷ್ಟು ದಪ್ಪ, ನೀರು ಹೇಗೆ ಇಳಿಯುತ್ತೆ, ಅಗೆದ ಗುಂಡಿಯ ಗೋಡೆ ಯಾವಾಗ ಕುಸಿಯುತ್ತೆ, ಇದೆಲ್ಲ ಅಲ್ಲಿನ ಕೆಲಸ. ಇದು ರಸಾಯನದ್ದು."

ರಸಾಯನದ ಕೋಣೆಯಲ್ಲಿ ಅವಳು ಬೂಟಿನ ಹಿಮ್ಮಡಿಯಿಂದ ಹಳದಿ ಹೆಂಟೆಯೊಂದನ್ನು ಎಬ್ಬಿಸಿ ಬಿಳಿ ಬಟ್ಟಲಿಗೆ ಹಾಕಿದಳು. ಅದರೊಳಗೆ ಸಾಸಿವೆ ಗಾತ್ರದ ಬಿಳಿ ಹರಳುಗಳಿದ್ದವು. ಮೇಲೆ ಒಂದು ಹನಿ ಆಮ್ಲ. ಹರಳು ಬುಸ್ಸೆಂದು ನೊರೆಗಟ್ಟಿತು.

"ಸುಣ್ಣದ ಹರಳು. ಮೇಲಿಂದ ಕರಗಿ ಇಳಿದ ಸುಣ್ಣ ಮೂರಡಿ ಕೆಳಗೆ ಹೋಗಿ ಹರಳುಗಟ್ಟುತ್ತೆ. ಇದು ಮೇಲಿನ ಮಣ್ಣಲ್ಲ, ಇನ್ಸ್‌ಪೆಕ್ಟ್ರೇ. ನೆಲದ ಒಳಗಿನದು. ತಾನಾಗಿ ಬೂಟಿಗೆ ಅಂಟೋಕೆ ಸಾಧ್ಯವೇ ಇಲ್ಲ. ಯಾರಾದ್ರೂ ಅಗೆದು ಮೇಲೆ ತಂದಿದ್ರೆ ಮಾತ್ರ."

ಇನ್ಸ್‌ಪೆಕ್ಟರ್ ಸೀನಲಿಲ್ಲ. ಕಿಸೆಯಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. "ಅವರ ಮನೆ ಮೇಜಿನ ಡ್ರಾಯರ್‌ನಲ್ಲಿ ಸಿಕ್ಕಿದ್ದು. ನಾವು ಸಕ್ಕರೆ ಕಾಯಿಲೆ ಲೆಕ್ಕ ಅಂದ್ಕೊಂಡಿದ್ವಿ."

ಒಟ್ಟು ಇಪ್ಪತ್ತಾರು ಸಾಲುಗಳು. ಒಂದೊಂದು ಸಾಲಿನಲ್ಲೂ ಒಂದೊಂದು ವರ್ಷ, 'ಮೂರಡಿ' ಎಂಬ ಮಾತು, ಎರಡು ಸಂಖ್ಯೆ. ಎಡಗಡೆಯ ಸಂಖ್ಯೆ ತೊಂಬತ್ತನಾಲ್ಕರಿಂದ ಶುರುವಾಗಿ, ಎಂಬತ್ತೆಂಟು, ಎಪ್ಪತ್ತೊಂದು, ಐವತ್ತು ಎಂದು ಇಳಿಯುತ್ತ ಬಂದಿತ್ತು. ಬಲಗಡೆಯದು ಮೊದಲಿನಿಂದ ಕೊನೆಯವರೆಗೆ ಹನ್ನೊಂದು, ಹನ್ನೆರಡರ ಆಸುಪಾಸಿನಲ್ಲೇ ಇತ್ತು. ಈ ವರ್ಷದ ಸಾಲಿನಲ್ಲಿ ಎರಡೂ ಕಡೆ ಹನ್ನೊಂದು. ಅದರ ಕೆಳಗೆ ಎರಡು ಗೆರೆ ಎಳೆದಿತ್ತು.

ಮಣ್ಣಕ್ಕ ಪುಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದ ಕೋಣೆಯ ಬಾಗಿಲು ತಳ್ಳಿದಳು.

ಅಲ್ಲಿ ಬೆಳಕು ಕಡಿಮೆ ಇತ್ತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿಗಳು. ಪ್ರತಿಯೊಂದರಲ್ಲೂ ಒಂದು ಮುಷ್ಟಿ ಮಣ್ಣು, ಮಣ್ಣಿನ ಮೇಲೆ ಒಂದು ಪುಟ್ಟ ಬಟ್ಟಲಿನಲ್ಲಿ ನೀರಿನಂಥದ್ದೇನೋ. ಸದ್ದಿಲ್ಲ. ಆದರೂ ಯಾರೋ ತುಂಬ ಜನ ಒಟ್ಟಿಗೆ ಕೂತು ಸುಮ್ಮನಿರುವ ಮನೆಗೆ ಬಂದಂತೆ ಇನ್ಸ್‌ಪೆಕ್ಟರಿಗೆ ಅನಿಸಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದು ಜೀವ ವಿಭಾಗ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರ್ತವೆ. ತಿಂತವೆ, ಉಸಿರು ಬಿಡ್ತವೆ. ಬಟ್ಟಲಿನ ಕ್ಷಾರ ಆ ಉಸಿರನ್ನ ಹೀರ್ಕೊಳ್ಳುತ್ತೆ. ಎಷ್ಟು ಹೀರಿತು ಅಂತ ಅಳೆದು ಬರೀತೀವಿ." ಅವಳು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟಳು. "ಇವು ಉಸಿರಿನ ಅಳತೆ. ಒಂದೇ ಜಾಗದ ಮಣ್ಣು, ಇಪ್ಪತ್ತಾರು ವರ್ಷ. ಬಲಗಡೆಯದು ಅದರ ಅಕ್ಕಪಕ್ಕದ ಮಾಮೂಲಿ ಮಣ್ಣು, ಹೋಲಿಸಿ ನೋಡೋಕೆ."

"ಎಡಗಡೆ ತೊಂಬತ್ತನಾಲ್ಕು ಅಂತಿದೆ."

"ಅದೇ. ಮೂರಡಿ ಕೆಳಗೆ ಮಣ್ಣು ಇಷ್ಟು ಉಸಿರಾಡಲ್ಲ. ಅಷ್ಟು ಆಳದಲ್ಲಿ ಅವಕ್ಕೆ ಊಟ ಇರಲ್ಲ."

"ಹಾಗಾದ್ರೆ ಆ ವರ್ಷ?"

"ಆ ವರ್ಷ ಯಾರೋ ಊಟ ಕೊಟ್ಟಿದ್ದಾರೆ."

ಇನ್ಸ್‌ಪೆಕ್ಟರ್ ಜಾಡಿಗಳಿಗೆ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೊರಗೆ ಬಂದರು.

ಹೊರಗಿನದು ಉದ್ದನೆಯ ಹಜಾರ. ಎರಡೂ ಗೋಡೆಗೆ ಆಳೆತ್ತರದ ಮರದ ಪೆಟ್ಟಿಗೆಗಳನ್ನು ನಿಲ್ಲಿಸಿದ್ದರು. ಒಂದೊಂದರಲ್ಲೂ ನೆಲವನ್ನು ಕೇಕಿನಂತೆ ಮೇಲಿನಿಂದ ಕೆಳಗೆ ಕತ್ತರಿಸಿ ಅಂಟಿಸಿದ ಒಂದು ಸೀಳು. ಮೇಲೆ ಕಪ್ಪು, ನಡುವೆ ಕಂದು, ಕೆಳಗೆ ಹಳದಿ, ಬುಡದಲ್ಲಿ ಕಲ್ಲು. ಹನ್ನೆರಡು ಪೆಟ್ಟಿಗೆ, ಹನ್ನೆರಡು ಬಗೆಯ ಮಣ್ಣು. ಎಲ್ಲವೂ ಮೇಷ್ಟ್ರ ಕೈಯಿಂದ ಬಂದವು. ಮಧ್ಯಾಹ್ನದ ಬಿಸಿಲಿನಲ್ಲೂ ಅವು ಮುಚ್ಚಳ ತೆಗೆದಿಟ್ಟ ಶವಪೆಟ್ಟಿಗೆಗಳಂತೆ ಕಂಡವು.

ಒಂಬತ್ತನೆಯದು ಮಾತ್ರ ಖಾಲಿ.

"ಇದ್ಯಾಕೆ ಹೀಗೆ?"

"ಆ ಗುಂಡಿ ಕುಸಿದುಬಿಡ್ತಂತೆ. ಸೀಳು ತೆಗೆಯೋಕಾಗಲಿಲ್ಲ ಅಂತಿದ್ರು. ಪೆಟ್ಟಿಗೆ ತೆಗೆದುಹಾಕೋಣ ಅಂದ್ರೆ ಮಾತ್ರ ಬೇಡ ಅಂತಿದ್ರು."

ಖಾಲಿ ಪೆಟ್ಟಿಗೆಯ ಕೆಳಗೆ ಮಾಸಿದ ಚೀಟಿಯೊಂದಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ಓದಿದರು. 'ಕಪ್ಪು ಮಣ್ಣು, ಕೆಳಗೆ ಸುಣ್ಣದ ಹರಳಿನ ಹಳದಿ ಜೇಡಿ. ಹಳೇ ತಾಕು.' ಅದರ ಕೆಳಗೆ ದಿನಾಂಕ.

ಅವರು ನೋಟ್‌ಬುಕ್ಕಿನ ಮೊದಲ ಸಾಲನ್ನು ಚೀಟಿಯ ಪಕ್ಕ ಹಿಡಿದರು. ಅದೇ ವರ್ಷ.

"ಈ ಹಳೇ ತಾಕು ಎಲ್ಲಿದೆ, ಮೇಡಂ?"

"ಮೇಷ್ಟ್ರ ಮನೆ ಹಿಂದೆ," ಎಂದಳು ಮಣ್ಣಕ್ಕ.

*

ಜೀಪಿನಲ್ಲಿ ಹತ್ತು ನಿಮಿಷದ ದಾರಿ. ಹೊರಗಿನ ಗೇಟಿನಲ್ಲಿ ಮಹಿಳಾ ಪೇದೆಯೊಬ್ಬಳು ಆ ದಿನ ಕಾವಲಿಗಿದ್ದಳು. ಮನೆಯ ಪಕ್ಕದಿಂದ ಹಿತ್ತಲು ದಾಟಿದರೆ ಒಂದು ಇಳಿಜಾರು. ಅದೇ ಹಳೇ ತಾಕು. ಹಿಂದೊಮ್ಮೆ ಪ್ರಯೋಗಕ್ಕೆಂದು ಬೆಳೆ ಇಡುತ್ತಿದ್ದ ಚೌಕಗಳೆಲ್ಲ ಈಗ ಬರೀ ಹುಲ್ಲು. ಗಾಳಿ ಇರಲಿಲ್ಲ. ದೂರದಲ್ಲಿ ಮೋಡ ಕಟ್ಟುತ್ತಿತ್ತು.

ಮೊನ್ನೆ ರಾತ್ರಿ ಬಿದ್ದ ಮಳೆಗೆ ಹುಲ್ಲು ಚಿಗುರಿತ್ತು. ಆದರೆ ಎಲ್ಲ ಕಡೆಯೂ ಒಂದೇ ಸಮ ಚಿಗುರಿರಲಿಲ್ಲ. ತಾಕಿನ ನಟ್ಟನಡುವೆ ಒಂದು ಕಡೆ ಅದು ಹೆಚ್ಚು ದಟ್ಟವಾಗಿ, ಹೆಚ್ಚು ಹಸಿರಾಗಿ, ಹಾಸಿಗೆ ಹಾಸಿದ ಹಾಗೆ ಉದ್ದುದ್ದಕ್ಕೆ ಬೆಳೆದಿತ್ತು. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು.

"ಎರಡನೇ ಬಾಗಿಲು," ಎಂದಳು ಮಣ್ಣಕ್ಕ ತನಗೆ ತಾನೇ ಎಂಬಂತೆ. "ಕೆಳಗೇನಿದೆ ಅಂತ ಗಿಡ ಮೊದಲೇ ಹೇಳಿಬಿಡುತ್ತೆ."

ಆ ಹಸಿರಿನ ಅಂಚಿಗೆ ಒಂದು ಗಿಡ್ಡ ಮಣೆ ಇಟ್ಟಿತ್ತು. ಅದರ ಮುಂದೆ ಹುಲ್ಲು ನಜ್ಜುಗುಜ್ಜಾಗಿತ್ತು. ಯಾರೋ ದಿನಾ ಬಂದು ಅಲ್ಲಿ ಕೂರುತ್ತಿದ್ದರು.

ಅವಳು ಮಣ್ಣು ಕೊರೆಯುವ ಸಲಾಕೆಯನ್ನು ನೆಟ್ಟು ತಿರುಗಿಸತೊಡಗಿದಳು. ಒಂದು ಗೇಣು ಇಳಿದಾಗಲೆಲ್ಲ ಮೇಲೆ ಎಳೆದು, ಬಂದ ಮಣ್ಣನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ಮೊದಲು ಬೆರಳಗಲದ ಕಪ್ಪು. ಆಮೇಲೆ ಹಳದಿ, ಬಿಳಿ ಹರಳಿನ ಸಮೇತ. ಅದರ ಕೆಳಗೆ ಕಂದು. ಮೂರಡಿಗೆ ಬರುವಾಗ ಕಪ್ಪು, ಹುಲ್ಲುಬೇರಿನ ಹಳೆಯ ಎಳೆಗಳ ಜೊತೆ.

ಇನ್ಸ್‌ಪೆಕ್ಟರ್ ಬಟ್ಟೆಯನ್ನೇ ನೋಡುತ್ತಿದ್ದರು. ಹಜಾರದ ಪೆಟ್ಟಿಗೆಗಳನ್ನು ನೋಡಿ ಬಂದಿದ್ದವರಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ.

"ತಲೆಕೆಳಗಾಗಿದೆ."

"ಹೌದು. ಅಗೆದವರು ಮೊದಲು ಮೇಲಿನ ಮಣ್ಣನ್ನ ಗುಂಡಿಗೆ ತಳ್ಳಿದ್ದಾರೆ, ಆಮೇಲೆ ಕೆಳಗಿನದನ್ನ. ಆತುರದಲ್ಲಿದ್ದವರು ಹಾಗೇ ಮಾಡೋದು."

"ಜನ ಕರೆಸ್ತೀನಿ. ಈಗಲೇ ಅಗೆದ್ರೆ ಮೇಷ್ಟ್ರು—"

"ಮೇಷ್ಟ್ರು ಇಲ್ಲಿಲ್ಲ." ಅವಳು ಬೆರಳಗಲದ ಆ ಮೇಲಿನ ಕಪ್ಪನ್ನು ತೋರಿಸಿದಳು. "ಹಳದಿ ಮೇಲೆ ಇಷ್ಟು ಹೊಸ ಕಪ್ಪು ಹುಟ್ಟೋಕೆ ಹುಲ್ಲು ಎಷ್ಟೋ ಸಲ ಬೆಳೆದು ಕೊಳೀಬೇಕು. ಎರೆಹುಳ ಹಾದುಹೋದ ದಾರಿ ನೋಡಿ. ಬಣ್ಣಗಳು ಒಂದರೊಳಗೊಂದು ಬೆರೆತಿರೋದು ನೋಡಿ. ಇದು ಹನ್ನೆರಡು ದಿನದ ಕೆಲಸ ಅಲ್ಲ. ಇಪ್ಪತ್ತೈದು, ಮೂವತ್ತು ವರ್ಷ."

ಅವಳು ಹುಲ್ಲನ್ನು ಕೈಯಿಂದ ಸರಿಸಿದಳು. ಹಸಿರಿನ ಒಳಗೆ ನಾಣ್ಯದಗಲದ ಗುರುತುಗಳು ಸಾಲಾಗಿದ್ದವು. ಸಲಾಕೆ ಇಳಿಸಿ, ಮಣ್ಣು ತೆಗೆದು, ಮತ್ತೆ ಮುಚ್ಚಿದ ತೂತುಗಳು. ಹಳೆಯವು ಕಂಡೂ ಕಾಣದಂತಿದ್ದವು. ತುದಿಯದು ಮಾತ್ರ ಹೊಸದು. ಸುತ್ತ ಹಳದಿ ಜೇಡಿ ಚೆಲ್ಲಿ, ಅದರ ಮೇಲೆ ಬೂಟಿನ ಅಚ್ಚೊಂದು ಮಳೆಗೆ ಅರ್ಧ ಕರಗಿ ಕೂತಿತ್ತು.

"ಬೂಟಿಗೆ ಮಣ್ಣು ಮೆತ್ತಿದ್ದು ಇಲ್ಲಿ," ಎಂದರು ಇನ್ಸ್‌ಪೆಕ್ಟರ್.

ಮಣ್ಣಕ್ಕ ಜೊತೆಗೆ ತಂದಿದ್ದ ಪರೀಕ್ಷೆಯ ಪೆಟ್ಟಿಗೆ ತೆರೆದು ಎರಡು ಪುಟ್ಟ ಗಾಜಿನ ನಳಿಗೆ ತೆಗೆದಳು. ಒಂದರಲ್ಲಿ ಹತ್ತು ಹೆಜ್ಜೆ ಆಚೆಯ ಮಣ್ಣು, ಒಂದರಲ್ಲಿ ಹಸಿರಿನ ಕೆಳಗಿನದು. ಎರಡಕ್ಕೂ ಒಂದೇ ದ್ರಾವಣ ಹುಯ್ದು ಅಲ್ಲಾಡಿಸಿ ಕಾದಳು. ಮೊದಲನೆಯದು ತೆಳು ನೀಲಿಗೆ ತಿರುಗಿತು. ಎರಡನೆಯದು ನಿಧಾನವಾಗಿ, ತಳದಿಂದ ಮೇಲಕ್ಕೆ, ಮಸಿ ಕುಡಿಕೆಯ ನೀಲಿಯಾಯಿತು.

"ರಂಜಕ. ಮೂಳೆಯಲ್ಲಿರುತ್ತೆ, ಹಲ್ಲಿನಲ್ಲಿರುತ್ತೆ. ಉಸಿರು ನಿಂತ ಮೇಲೂ ಇದು ಎಲ್ಲೂ ಹೋಗಲ್ಲ. ಮಣ್ಣು ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ."

"ಎಷ್ಟು ಆಳ ಹೋದೆ?"

ಆ ಮಾತು ಅವರ ಬೆನ್ನ ಹಿಂದಿನಿಂದ ಬಂದಿತ್ತು. ಇನ್ಸ್‌ಪೆಕ್ಟರ್ ಬೆಚ್ಚಿ ತಿರುಗಿದರು. ಹಿತ್ತಲ ಬಾಗಿಲಿನಿಂದ ಯಾವಾಗ ಇಳಿದು ಬಂದರೋ, ಮೇಷ್ಟ್ರ ಹೆಂಡತಿ ಐದು ಹೆಜ್ಜೆ ದೂರದಲ್ಲಿ ನಿಂತಿದ್ದರು. ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದರು.

"ಮೂರಡಿ, ಅಮ್ಮ," ಎಂದಳು ಮಣ್ಣಕ್ಕ.

"ಸಾಕು. ಅಲ್ಲಿಗೆ ನಿಲ್ಲಿಸು. ಇನ್ನೊಂದಡಿ ಹೋದ್ರೆ ಅವನಿಗೆ ತಗಲುತ್ತೆ."

ಆಕೆ ಬಂದು ಮಣೆಯ ಮೇಲೆ ಕೂತರು, ಮನೆಗೆ ಬಂದವರ ಎದುರು ಕೂರುವ ಹಾಗೆ.

"ಯಾರಮ್ಮ ಅವರು?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ತಮ್ಮ."

"ನಿಮ್ಮ ತಮ್ಮ ಹಡಗಿನ ಕೆಲಸಕ್ಕೆ ಹೋದವರು ವಾಪಸ್ ಬರಲಿಲ್ಲ ಅಂತ ಹೇಳಿಕೇಲಿ ಬರೆಸಿದ್ರಿ."

"ನಾನೂ ಹಾಗೇ ತಿಳ್ಕೊಂಡಿದ್ದೆ. ಮೂರು ವರ್ಷ ಕಾಗದ ಬರ್ತಿತ್ತು. ಅಕ್ಕಾ, ಚೆನ್ನಾಗಿದ್ದೀನಿ ಅಂತ. ಅವನ ಅಕ್ಷರದ ಹಾಗೇ ಇರ್ತಿತ್ತು." ಆಕೆ ಹುಲ್ಲಿನ ಮೇಲೆ ಕೈಯಾಡಿಸಿದರು. "ಅದನ್ನೂ ಇವರೇ ಬರೀತಿದ್ರಂತೆ."

"ಯಾವಾಗ ಹೇಳಿದ್ರು?"

"ಅವರು ಹೋದ ದಿನ ಬೆಳಿಗ್ಗೆ. ಇಲ್ಲಿಂದ ಒಳಗೆ ಬಂದ್ರು, ಬೂಟು ಬಿಚ್ಚಿ ಬಾಗಿಲ ಒಳಗಿಟ್ರು, ಕೂತು ತಿಂಡಿ ತಿಂದ್ರು. ತಿಂದಾದ ಮೇಲೆ ಆ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟು, 'ಈ ವರ್ಷ ಎರಡೂ ಸಮ ಆಯ್ತು. ನಿನ್ನ ತಮ್ಮ ಇವತ್ತಿಗೆ ಪೂರ್ತಿ ಮಣ್ಣಾದ' ಅಂದ್ರು."

ಎರಡು ಗೆರೆ ಎಳೆದ ಹನ್ನೊಂದು ಮಣ್ಣಕ್ಕನ ಕಣ್ಣ ಮುಂದೆ ಬಂತು.

"ಕೊಂದಿದ್ರಾ?" ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು.

"ಇಲ್ಲ ಸ್ವಾಮಿ. ಪೆಟ್ಟಿಗೆಗೆ ಸೀಳು ತೆಗೀಬೇಕು ಅಂತ ಗುಂಡಿ ತೋಡಿದ್ರಂತೆ. ಏಳಡಿ. ಹಿಂದಿನ ದಿನ ಮಳೆ ಬಂದಿತ್ತು. ಗೋಡೆಗೆ ಹಲಗೆ ಆನಿಸಿರಲಿಲ್ಲ. ಒಂದು ಗಂಟೆ ಕೆಲಸ, ಏನಾಗುತ್ತೆ ಅಂದ್ಕೊಂಡ್ರಂತೆ. ನನ್ನ ತಮ್ಮ ಕೆಳಗಿಳಿದು ಪೆಟ್ಟಿಗೆ ಹಿಡ್ಕೊಂಡಿದ್ದ. ಗೋಡೆ ಕುಸೀತು. ಇವರು ಕೈಯಲ್ಲೇ ಬಗೆದ್ರಂತೆ. ಮುಖ ಸಿಗೋ ಹೊತ್ತಿಗೆ ತಣ್ಣಗಾಗಿದ್ದ."

"ಆಮೇಲಾದ್ರೂ ಹೇಳಬಹುದಿತ್ತಲ್ಲ, ಅಮ್ಮ," ಎಂದಳು ಮಣ್ಣಕ್ಕ.

"ನಾನು ಏಳು ತಿಂಗಳ ಬಸುರಿ. ಡಾಕ್ಟರು ಆಘಾತ ಆಗೋ ಸುದ್ದಿ ಹೇಳಬೇಡಿ ಅಂದಿದ್ರು. ಹೆರಿಗೆ ಆದ ಮೇಲೆ ಹೇಳೋಣ ಅಂದ್ಕೊಂಡು, ಕುಸಿದ ಮಣ್ಣಿನ ಮೇಲೇ ಮಲಗಿಸಿ ಮುಚ್ಚಿದ್ರಂತೆ." ಆಕೆಯ ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. "ಮಗು ಉಳೀಲಿಲ್ಲ. ಅದಾದ ಮೇಲೆ ಯಾವ ದಿನ ಅಂತ ಹೇಳ್ತಾರೆ?"

ಮಣ್ಣಕ್ಕ ಬಟ್ಟೆಯ ಮೇಲಿನ ಬಣ್ಣಗಳನ್ನು ನೋಡಿದಳು. ಪದರದ ಮೇಲೆ ಪದರ ಯಾಕೆ ಕೂರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದ ಮನುಷ್ಯ. ಒಂದು ಹಿಡಿ ಮಣ್ಣು ಅದಲುಬದಲಾದರೆ ವಿದ್ಯಾರ್ಥಿಗಳನ್ನು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದವರು. ಆ ದಿನ ಅವರು ಯಾವ ಪದರವನ್ನೂ ನೋಡಿರಲಿಲ್ಲ.

ಅವಳಿಗೆ ಅಳು ಬಂತು. ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

"ಅವರು ಹೇಳಿದ ಮೇಲೆ ನೀವೇನು ಮಾಡಿದ್ರಿ?" ಇನ್ಸ್‌ಪೆಕ್ಟರ್ ಬಿಡಲಿಲ್ಲ.

"ತಟ್ಟೆ ತೊಳೆದೆ."

"ಅಮ್ಮ, ನಾನು ಕೇಳ್ತಿರೋದು—"

"ಗೊತ್ತು. ಅವರು ಹಿತ್ತಲಿಗೆ ಹೋಗಿ ಈ ಕಡೆ ನೋಡ್ತಾ ನಿಂತ್ರು. ನಾನು ಬಾಗಿಲ ಚಿಲಕ ಹಾಕಿದೆ. ಬಡಿದ್ರು. ತುಂಬ ಹೊತ್ತು ಬಡಿದ್ರು. ತೆಗೀಲಿಲ್ಲ. ಸಂಜೆ ತೆಗೆದಾಗ ಇರಲಿಲ್ಲ."

"ಬೂಟು?"

"ನಾನೇ ಒಯ್ದು ಏರಿ ಮೇಲೆ ಇಟ್ಟೆ. ನೀವು ನೀರಿನಲ್ಲಿ ಹುಡುಕ್ತಿದ್ರೆ ಇಲ್ಲಿ ಅಗೆಯಲ್ಲ ಅಂತ." ಆಕೆ ಮೊದಲ ಸಲ ಇನ್ಸ್‌ಪೆಕ್ಟರ್ ಮುಖ ನೋಡಿದರು. "ಇಪ್ಪತ್ತಾರು ವರ್ಷ ನಾನು ಅಡುಗೆಮನೆ ಕಿಟಕೀಲಿ ನಿಂತು ಇದೇ ಹುಲ್ಲು ನೋಡಿದೀನಿ. ಇಲ್ಲಿ ಬಟ್ಟೆ ಒಣಹಾಕಿದೀನಿ. ಅವನ ಕಾಗದ ಯಾಕೆ ಬರಲ್ಲ ಅಂತ ಇಲ್ಲೇ ನಿಂತು ಅತ್ತಿದೀನಿ. ಈಗ ಹನ್ನೆರಡು ದಿನದಿಂದ ಅವನ ಜೊತೆ ಕೂರ್ತಿದೀನಿ. ಅಷ್ಟೂ ಮಾಡಬಾರದಾ?"

ಇನ್ಸ್‌ಪೆಕ್ಟರ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ತಂದು ಅಗೆಸಬೇಕಾಗುತ್ತೆ, ಅಮ್ಮ. ನೀವೂ ಇರಿ. ಒಂದೇ ಒಂದು ಮಾತು. ಮೇಷ್ಟ್ರು ಈಗ ಎಲ್ಲಿದ್ದಾರೆ?"

"ನನಗೆ ಗೊತ್ತಿಲ್ಲ."

ಆಕೆ ಅದನ್ನು ತೀರ ಬೇಗ ಹೇಳಿದರು. ಹೇಳಿದ ಮೇಲೆ ಮೋಡದ ಕಡೆ ನೋಡಿದರು.

*

ಮಣ್ಣಿನ ಪೊಟ್ಟಣಗಳಿಗೆ ಮೊಹರು ಹಾಕಿಸಲು ಇಬ್ಬರೂ ಪ್ರಯೋಗಾಲಯಕ್ಕೆ ಮರಳಿದಾಗ ಐದು ಗಂಟೆ. ಮಳೆ ಆಗತಾನೇ ಹನಿಯತೊಡಗಿತ್ತು. ಮುಂಬಾಗಿಲ ಕೌಂಟರಿನ ಮೇಲೆ ಆ ದಿನ ರೈತರು ಬಿಟ್ಟುಹೋದ ಬಟ್ಟೆಚೀಲಗಳ ರಾಶಿ ಇತ್ತು. ಗುಮಾಸ್ತರು ಗೊಣಗುತ್ತ ಒಂದೊಂದನ್ನೇ ಬೇರೆ ಮಾಡುತ್ತಿದ್ದರು.

"ನೋಡಿ ಮೇಡಂ. ನೆರಳಲ್ಲಿ ಒಣಗಿಸಿ ತನ್ನಿ ಅಂತ ಬೋರ್ಡ್ ಹಾಕಿದ್ರೂ ಓದಲ್ಲ ಜನ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಯಾರೋ ಹೊರಗೆ ಇಟ್ಟು ಹೋಗಿದ್ರು. ಹಸಿ ಮಣ್ಣು. ಉಳಿದ ಚೀಲಕ್ಕೆಲ್ಲ ನೀರು ಹತ್ತಿಸಿದೆ."

ಮಣ್ಣಕ್ಕ ಚೀಲ ಬಿಚ್ಚಿದಳು. ಒಳಗಿನ ಮಣ್ಣು ಬೂದುಗಪ್ಪು. ಅಲ್ಲಲ್ಲಿ ನೀಲಿಯ ಕಲೆ. ಕೊಳೆತ ಮೊಟ್ಟೆಯಂಥ ವಾಸನೆ ಮುಖಕ್ಕೆ ಹೊಡೆಯಿತು. ಅವಳು ಒಂದು ಚಿಟಿಕೆಯನ್ನು ಬೆರಳ ನಡುವೆ ತಿಕ್ಕಿದಳು. ಬೆಣ್ಣೆಯಂತೆ ಜಾರಿತು.

"ನೀರು ನಿಂತೂ ನಿಂತೂ ಉಸಿರು ಕಟ್ಟಿದ ಮಣ್ಣು," ಎಂದಳು. "ಕೆರೆ ಅಂಚಿನದು. ಇಷ್ಟು ಹಸಿ ಇದೆ ಅಂದ್ರೆ ಮೊನ್ನೆ ಮಳೆ ಆದ ಮೇಲೆ ತೆಗೆದದ್ದು."

ಚೀಲದ ಕೊರಳಿಗೆ ಪ್ರಯೋಗಾಲಯದ್ದೇ ನಮೂನೆ ಹಾಳೆ ಕಟ್ಟಿತ್ತು. ರೈತರು ತುಂಬಿಸಬೇಕಾದ ಹಾಳೆ. ಅದರ ಅಕ್ಷರ ಕಂಡದ್ದೇ ಅವಳ ಕೈ ನಿಂತುಹೋಯಿತು. ದುಂಡಗೆ, ಒಂದರಿಂದ ಒಂದು ಸಮದೂರದಲ್ಲಿ, ಕರಿಹಲಗೆಯ ಮೇಲೆ ಬರೆದು ಪಳಗಿದ ಅಕ್ಷರ.

ಹೆಸರು: ಮೇಷ್ಟ್ರದೇ.

ಜಾಗ: ಹೊಸ ಗುಂಡಿ.

ಆಳ: ಏಳಡಿ. ಅಗಲ: ನಾಲ್ಕಡಿ. ಗೋಡೆಗೆ ಆಧಾರ ಇಲ್ಲ.

ಮುಂದಿನ ಬೆಳೆ: ಯಾವುದೂ ಇಲ್ಲ.

ಇನ್ಸ್‌ಪೆಕ್ಟರ್ ಅವಳ ಹೆಗಲ ಮೇಲಿನಿಂದ ಓದುತ್ತಿದ್ದರು. "ಬದುಕಿದ್ದಾರೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಉಳಿದದ್ದೂ ಅವರಿಗೆ ಅರ್ಥವಾಯಿತು. "ತನಗೇ ತೋಡ್ಕೊಂಡಿದ್ದಾರಾ?"

"ಇಂಥ ಮಣ್ಣಿಗೆ ಮಳೆ ಬಿದ್ರೆ ಗೋಡೆ ಅರ್ಧ ಗಂಟೆ ನಿಲ್ಲಲ್ಲ." ಅವಳ ಕಣ್ಣು ಇನ್ನೂ ಹಾಳೆಯ ಮೇಲೇ ಇತ್ತು. "ಕೆರೆ ಸುತ್ತಳತೆ ಹನ್ನೊಂದು ಮೈಲಿ. ಯಾವ ಅಂಚು ಅಂತ ಹೇಳೋಕೆ ನನಗೆ ಒಂದು ದಿನ ಬೇಕು."

"ಒಂದು ದಿನ ಎಲ್ಲಿಂದ ತರೋಣ?"

ಹೊರಗೆ ಮಳೆ ಜೋರಾಗಿತ್ತು. ತಗಡಿನ ಮಾಡಿನ ಮೇಲೆ ಅದರ ಸದ್ದು ಮಾತನ್ನು ನುಂಗುತ್ತಿತ್ತು.

"ಇದೊಂದು ನನಗೆ ಅರ್ಥ ಆಗ್ತಿಲ್ಲ," ಎಂದಳು ಮಣ್ಣಕ್ಕ. "ಅವರು ಯಾವತ್ತೂ ಗುಂಡಿ ಎರಡೇ ಅಡಿ ಅಗಲ ತೋಡ್ತಿದ್ರು. ಒಬ್ಬ ಮನುಷ್ಯ ನಿಲ್ಲೋಕೆ ಅಷ್ಟು ಸಾಕು ಅಂತ ನಮಗೂ ಹೇಳ್ತಿದ್ರು. ಇಲ್ಲಿ ಅಗಲ ನಾಲ್ಕಡಿ ಅಂತ ಬರೆದಿದ್ದಾರೆ."

"ಇಬ್ಬರಿಗೆ ಆಗೋಷ್ಟು," ಎಂದರು ಇನ್ಸ್‌ಪೆಕ್ಟರ್. ಆಮೇಲೆ ಫೋನ್ ತೆಗೆದು ಮೇಷ್ಟ್ರ ಮನೆಯ ಗೇಟಿನಲ್ಲಿದ್ದ ಪೇದೆಗೆ ಹಚ್ಚಿದರು. ಮಣ್ಣಕ್ಕನಿಗೂ ಕೇಳಲೆಂದು ಸ್ಪೀಕರ್ ಒತ್ತಿದರು.

"ಅಮ್ಮ ಒಳಗಿದ್ದಾರಾ?"

"ಇದ್ದಾರೆ ಸರ್. ಆಗ ಯಾರ ಜೊತೆಗೋ ಮಾತಾಡೋದು ಕೇಳಿಸ್ತಿತ್ತು. ಒಬ್ಬರೇ ಇದ್ದಾರಲ್ಲ, ದುಃಖಕ್ಕೆ ತಮ್ಮಷ್ಟಕ್ಕೆ ತಾವೇ ಮಾತಾಡ್ಕೋತಿದ್ದಾರೆ ಅಂತ ಸುಮ್ಮನಿದ್ದೆ."

"ಈಗ?"

"ಈಗ ಸದ್ದಿಲ್ಲ ಸರ್."

"ಒಳಗೆ ಹೋಗು. ಓಡು. ಫೋನ್ ಇಡಬೇಡ."

ಬಾಗಿಲು ಬಡಿದ ಸದ್ದು, ಕೋಣೆಯಿಂದ ಕೋಣೆಗೆ ಓಡುವ ಕಾಲಿನ ಸದ್ದು. ಆಮೇಲೆ ಒಮ್ಮೆಲೇ ಮಳೆಯ ಸದ್ದು. ಪೇದೆ ಹಿತ್ತಲಿಗೆ ಬಂದಿರಬೇಕು.

"ಸರ್, ಹಿತ್ತಲ ಬಾಗಿಲು ತೆಗೆದಿದೆ. ಕೆಸರಲ್ಲಿ ಹೆಜ್ಜೆ ಇದೆ." ಪೇದೆಯ ದನಿ ಏದುಸಿರಿನಲ್ಲಿ ನಡುಗುತ್ತಿತ್ತು. "ಬಂದಿರೋದು ಒಂದು ಜೊತೆ ಸರ್. ಹೋಗಿರೋದು ಎರಡು."

"ಯಾವ ಕಡೆಗೆ?"

"ನೋಡ್ತಿದೀನಿ ಸರ್. ಅಳಿಸಿ ಹೋಗ್ತಿವೆ."